ಒಂದೇ ಹಗ್ಗದ ಇಬ್ಬರು

1974ರ ಬೇಸಿಗೆಯ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಬನಾರಸಿನ ಕೋರ್ಟಿನ ಅಂಗಳದಲ್ಲಿ ಜೈಲಿನ ಲಾರಿಯ ಹಿಂದೆ ನಿಂತಿದ್ದೆ. ನಡುವೆ ನಾಲ್ಕು ಹೆಜ್ಜೆ, ಹೆಚ್ಚಿರಲಿಲ್ಲ.

ನಾನು ಅಲ್ಲಿ ರೈಲ್ವೆ ನೌಕರ, ಸಮವಸ್ತ್ರದಲ್ಲೇ ಬಂದಿದ್ದೆ. ಆ ಊರಿನಲ್ಲಿದ್ದ ನಮ್ಮ ಕಡೆಯ ಮಠದ ಅಡುಗೆಯವರೊಬ್ಬರು ಪಾತ್ರೆ ಕದ್ದ ಆರೋಪದ ಮೇಲೆ ಜೈಲಿನಲ್ಲಿದ್ದರು. ಅವರಿಗೆ ಹಿಂದಿ ಬಾರದು. ಅವರ ಮಾತನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಲು ಮಠದವರು ನನ್ನನ್ನು ಕಳಿಸಿದ್ದರು. ಊರಲ್ಲಿ ಆಗ ಸಿಡುಬು ಹರಡಿತ್ತು. ಜನ ಅದನ್ನು ಮಾತಾಜಿ ಎನ್ನುತ್ತಿದ್ದರು. ಜೈಲಿನ ಪುಸ್ತಕದಲ್ಲಿ ಬರೀ ಜ್ವರ ಎಂದು ಬರೆಯುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಕೈದಿಗಳನ್ನು ಇಬ್ಬಿಬ್ಬರಂತೆ ಒಂದೇ ಹಗ್ಗಕ್ಕೆ ಮಣಿಕಟ್ಟು ಕಟ್ಟಿ ತರುವುದು ವಾಡಿಕೆ. ಅಡುಗೆಯವರ ಜೊತೆಗಾರನ ಮುಖದ ತುಂಬ ಗುಳ್ಳೆ. ಲಾರಿಯೊಳಗೆ ಅವರ ಹೆಗಲಿಗೇ ಒರಗಿದ್ದ.

“ಮೂರ್ ದಿನ ಆತ್ರಿ ಸರ, ಇವನ ಮೈ ಕೆಂಡ ಆಗೇದ,” ಎಂದರು ಅಡುಗೆಯವರು. “ನನ್ನ ಮಾತ್ ಬಿಡ್ರಿ. ಇವಂಗ ಮೊದಲ ನೀರ್ ಕೊಡಸ್ರಿ.”

ನಾನು ಮುಂದೆ ಹೋದೆ. “ಅರೇ ಮದ್ರಾಸಿ ಬಾಬು, ದೂರ್ ಹಟೋ!” ಎಂದ ಪೊಲೀಸ್ ಪೇದೆ. “ನೀವೂ ಮಲಗಿದರೆ ರೈಲು ಯಾರು ಬಿಡ್ತಾರೆ?” ಪಕ್ಕದ ಪೇದೆ ನಕ್ಕ. ನಾನು ಕೇಳಿಕೊಂಡರೂ ಹಗ್ಗದ ಗಂಟು ಬಿಚ್ಚಲು ಇಬ್ಬರೂ ಒಪ್ಪಲಿಲ್ಲ. ಮಾತಾಜಿ ಬಂದ ಮೈ ಮುಟ್ಟುವಂತಿಲ್ಲ. ಕೈದಿ ಒಳಗೆ ಹಾಜರಾಗದಿದ್ದರೆ ವಿಚಾರಣೆ ಇಲ್ಲ. ಅದೇ ಹಗ್ಗದಲ್ಲಿ ಇಬ್ಬರೂ ಜೈಲಿನ ಅದೇ ಕೋಣೆಗೆ ವಾಪಸು.

ನಾನು ಒಳಗೆ ಹೋಗಿ ಮ್ಯಾಜಿಸ್ಟ್ರೇಟರಿಗೆ ಇಷ್ಟನ್ನೇ ಹೇಳಿದೆ. ಅವರು ಎದ್ದು ಅಂಗಳಕ್ಕೆ ಬಂದರು. ಬಿಸಿಲಿನಲ್ಲಿ ಅವರ ಮುಖ ಸರಿಯಾಗಿ ಕಂಡಿತು: ಕೆನ್ನೆ, ಹಣೆ, ಎಲ್ಲ ಸಿಡುಬಿನ ಕಲೆ.

“ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ. ಇನ್ನು ಬರುವುದಿಲ್ಲ,” ಎಂದು ಹಿಂದಿಯಲ್ಲಿ ಹೇಳಿ, ಕರಿ ಕೋಟಿನಲ್ಲೇ ಲಾರಿ ಹತ್ತಿದರು. ಮಂಡಿಯೂರಿ ಗಂಟಿಗೆ ಉಗುರು ಹಾಕಿದರು. ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು.

ಲಾರಿಯಲ್ಲೇ ನಿಂತು ಆದೇಶ ಹೇಳಿದರು. ರೋಗಿ ಆಸ್ಪತ್ರೆಗೆ. ಸಂಜೆಯೊಳಗೆ ಜೈಲಿನ ಎಲ್ಲರಿಗೂ ಲಸಿಕೆ. ಅಡುಗೆಯವರಿಗೆ ಮೊದಲು ಲಸಿಕೆ, ಆಮೇಲೆ ಜಾಮೀನು. ನನ್ನತ್ತ ತಿರುಗಿ, “ಇವರನ್ನು ಮೂರು ವಾರ ಬೇರೆ ಇಡಲು ಮಠದಲ್ಲಿ ಜಾಗ ಇದೆಯೇ?” ಎಂದರು.

ಮಠದವರನ್ನು ನಾನು ಕೇಳಿರಲಿಲ್ಲ. ಇದೆ ಎಂದೆ.

ಮಠದವರು ಹಿತ್ತಲ ಕೋಣೆ ಬಿಟ್ಟುಕೊಟ್ಟರು. ಜೊತೆಗಾರ ಆರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಮ್ಯಾಜಿಸ್ಟ್ರೇಟರೂ ಪೇದೆಗಳೂ ಈಗಿಲ್ಲ. ಅಂದು ನೋಡಿದವರಲ್ಲಿ, ನನಗೆ ತಿಳಿದಂತೆ, ನನ್ನ ಹೊರತು ಇಬ್ಬರಿದ್ದಾರೆ: ಆದೇಶ ಬರೆದುಕೊಂಡ ಗುಮಾಸ್ತರು, ಮತ್ತು ಬನಾರಸಿನ ಅಸ್ಸಿಯಲ್ಲಿ ಮಗಳ ಮನೆಯಲ್ಲಿರುವ ಆ ಅಡುಗೆಯವರು. ಆ ದಿನದ ಮಾತು ಬಂದರೆ ಅವರು ಈಗಲೂ ಮಣಿಕಟ್ಟು ಮುಟ್ಟಿ ನೋಡಿಕೊಳ್ಳುತ್ತಾರೆ.