ಡಿಕ್ಕಿಯಲ್ಲಿದ್ದ ನಾಲ್ಕು ಚಕ್ರಗಳು

ನಾಲ್ಕು ಚಕ್ರದ ಕಾರಿನಲ್ಲಿ ಎಂಟು ಚಕ್ರ ಇಟ್ಟುಕೊಂಡು ತಿರುಗಿದವರು ದೋಹಾದಲ್ಲಿ ಬೇರೆ ಯಾರಾದರೂ ಇದ್ದರೋ ಗೊತ್ತಿಲ್ಲ, ನಾನಂತೂ ಇದ್ದೆ. ಕೆಳಗೆ ನಾಲ್ಕು, ಡಿಕ್ಕಿಯಲ್ಲಿ ನಾಲ್ಕು.

ಆ ದೊಡ್ಡ ಗಾಡಿ ನಮ್ಮ ಆಫೀಸಿನ ಕೆನಡಾದವನದು. ತನ್ನ ದೇಶದಿಂದ ಹಡಗಿನಲ್ಲಿ ತರಿಸಿಕೊಂಡಿದ್ದ. ಕೆಲಸ ಬಿಟ್ಟು ಹೊರಟಾಗ ನನಗೆ ಮಾರಿದ, ಹಿಮದ ಟೈರುಗಳ ಸಮೇತ. ಚಳಿಯಲ್ಲಿ ಬಿರುಸಾಗದಿರಲೆಂದು ಅವುಗಳ ರಬ್ಬರನ್ನು ಮೆತ್ತಗೆ ಮಾಡಿರುತ್ತಾರಂತೆ. ಇಲ್ಲಿಯ ಬಿಸಿಲಿಗೆ ಬೇಗ ಸವೆದುಹೋಗುತ್ತವೆ, ಬದಲಿಸು ಎಂದ. ಅವನ ಊರಿನವರೆಲ್ಲ ಹಿಮದ ಟೈರು ಹಾಕಿಸಿಕೊಳ್ಳುವ ನವೆಂಬರಿನಲ್ಲಿ ನಾನು ಬಿಚ್ಚಿಸಲು ಹೋದೆ. ನಜ್ಮಾ ಬಡಾವಣೆಯ ಟೈರಿನ ಅಂಗಡಿಯವನು ರಿಮ್ ಸಮೇತ ಬೇರೆ ನಾಲ್ಕು ಚಕ್ರ ಕೂರಿಸಿ "ಖಲಾಸ್" ಎಂದು ಕೈ ಒರೆಸಿಕೊಂಡ.

ಖಲಾಸ್ ಆಗಿರಲಿಲ್ಲ. ಸ್ಟಿಯರಿಂಗಿನ ಹಿಂದೆ ಹಳದಿ ದೀಪವೊಂದು ಹೊತ್ತಿಕೊಂಡಿತು: ಲಾಳದ ಆಕಾರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಇಡೀ ಕತಾರಿನಲ್ಲಿ ನನ್ನನ್ನು ನೋಡಿ ಆಶ್ಚರ್ಯಪಟ್ಟದ್ದು ಅದೊಂದೇ. ಕಾರಿನ ಕೈಪಿಡಿ ಹಿಡಿದು ಕೂತೆ. ಹಳೆಯ ಚಕ್ರಗಳ ಒಳಗೆ ಗಾಳಿಯ ಒತ್ತಡ ಅಳೆಯುವ ಪುಟ್ಟ ಯಂತ್ರಗಳಿದ್ದವು. ಅವು ರೇಡಿಯೋದಂತೆ ಕಾರಿಗೆ ವರದಿ ಕಳಿಸುತ್ತಿದ್ದವು. ಹೊಸ ಚಕ್ರಗಳಲ್ಲಿ ಅಂಥದ್ದೇನೂ ಇರಲಿಲ್ಲ. ಪಾಪದ ಕಾರು, ನಮ್ಮ ಮೆಟ್ಟಿಲ ಕೆಳಗೆ ಪೇರಿಸಿಟ್ಟ ಚಕ್ರಗಳ ದನಿಗಾಗಿ ರಸ್ತೆಯಲ್ಲೆಲ್ಲ ಕಿವಿಗೊಡುತ್ತಿತ್ತು.

ನನಗೆ ಇದೆಲ್ಲ ಕುತೂಹಲ, ಹೆಂಡತಿ ಲೀನಾಳಿಗೆ ಹೆದರಿಕೆ. ಅವಳ ಲೈಸೆನ್ಸ್ ಆಗಷ್ಟೇ ಕೈಗೆ ಬಂದಿತ್ತು. ಅಲ್ ಥುಮಾಮಾ ಬಡಾವಣೆಯಲ್ಲಿ ಅವಳ ತಂಗಿ ಬಾಣಂತಿ; ಊರಿನಿಂದ ಯಾರಿಗೂ ಬರಲಾಗಿರಲಿಲ್ಲ. ನಾನು ಆಫೀಸ್ ಬಸ್ಸು ಹತ್ತಿದ ಮೇಲೆ ಲೀನಾಳೇ ಕಾರು ಓಡಿಸಿಕೊಂಡು ಹೋಗಿ ಮಗುವಿಗೆ ಸ್ನಾನ ಮಾಡಿಸಬೇಕು.

"ದೀಪ ಹೊತ್ತಿದ ಗಾಡಿ ನಾನು ಮುಟ್ಟುದಿಲ್ಲ ಮಾರಾಯ್ರೆ. ದಾರಿಯಲ್ಲಿ ಟೈರ್ ಒಡೆದ್ರೆ ಎಂತ ಮಾಡುದು?" ಎಂದಳು.

ಆ ಶುಕ್ರವಾರ ಹಳೆಯ ಚಕ್ರಗಳನ್ನು ಮಾರೋಣವೆಂದು ಡಿಕ್ಕಿಗೆ ತುಂಬಿ ನಜ್ಮಾಕ್ಕೆ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ದೀಪ ಆರಿತು! ಹಳೆಯ ಬಂಟರು ಬೆನ್ನ ಹಿಂದೆಯೇ ಮಲಗಿ "ಎಲ್ಲ ಕ್ಷೇಮ" ಎನ್ನುತ್ತಿದ್ದರು, ಕಾರು ನಂಬಿತ್ತು. ಮರಳುಗಾಡಿನಲ್ಲಿ ಹಿಮದ ಟೈರು ಕೊಳ್ಳುವವರು ಸಿಗಲಿಲ್ಲ, ನಾನೂ ಬೇಸರಪಡಲಿಲ್ಲ. ದೀಪ ಆರಿದ್ದನ್ನು ಕಂಡು ಲೀನಾ ಮರುದಿನ ಕೀ ಕೇಳಿದಳು. ಕಾರಣವನ್ನು ನಾನು ಹೇಳಲಿಲ್ಲ. ಬದಲಿಗೆ ದಿನವೂ ಬಸ್ಸು ಬರುವ ಮುಂಚೆ, ಟೈಯನ್ನು ಹೆಗಲ ಮೇಲೆ ಎಸೆದುಕೊಂಡು, ಕೆಳಗಿನ ನಾಲ್ಕೂ ಚಕ್ರಗಳ ಗಾಳಿಯನ್ನು ಕೈಗೇಜಿನಲ್ಲಿ ನೋಡಿ ಹೋಗುತ್ತಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಚಳಿ ಬಿತ್ತು. ಚಳಿಗೆ ಗಾಳಿ ಕುಗ್ಗುತ್ತದೆ, ಡಿಕ್ಕಿಯಲ್ಲಿ ಮಲಗಿದವರಿಗೂ ರಿಯಾಯಿತಿ ಇಲ್ಲ. ದೀಪ ಮತ್ತೆ ಹೊತ್ತಿತು, ಅದೂ ಲೀನಾ ಪಕ್ಕದಲ್ಲಿದ್ದಾಗಲೇ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಡಿಕ್ಕಿ ತೆರೆದು, ಒಳಗಿನ ಚಕ್ರಗಳಿಗೆ ಗಾಳಿ ತುಂಬತೊಡಗಿದೆ. ಬಂಕಿನ ನೇಪಾಳಿ ಹತ್ತಿರ ಬಂದು ಮೆಲ್ಲಗೆ, "ಸಾಬ್, ಚಲ್ನೇವಾಲಾ ನೀಚೇ ಹೈ" ಎಂದ, ಓಡುವ ಚಕ್ರಗಳು ಕೆಳಗಿವೆ ಎಂದು.

ಲೀನಾ ಇಳಿದು ಬಂದು ನೋಡಿದಳು. ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಇನ್ನು ಇವಳು ಸ್ಟಿಯರಿಂಗ್ ಮುಟ್ಟುವುದಿಲ್ಲ, ಮಗುವಿನ ಸ್ನಾನ ತಪ್ಪಿತು ಎಂದುಕೊಂಡೆ.

ಅವಳು ನಕ್ಕಳು. "ನಾನು ದೀಪ ನಂಬಿದ್ದು ಮೊದಲಿನ ದಿನ ಮಾತ್ರ. ಆಮೇಲೆ ಎಲ್ಲಿ? ನೀವು ಬೆಳಿಗ್ಗೆ ಟೈರಿನ ಎದುರು ಕುಕ್ಕರುಗಾಲಲ್ಲಿ ಕೂತದ್ದು ಕಿಟಕಿಯಿಂದ ಕಾಣ್ತದೆ. ಅದನ್ನು ನೋಡಿಯೇ ನಾನು ಕೀ ತೆಗೆಯುದು."

ಹಳೆಯ ಚಕ್ರಗಳು ಮೆಟ್ಟಿಲ ಕೆಳಕ್ಕೆ ಮರಳಿದವು. ದೀಪ ಉರಿಯುತ್ತಲೇ ಇತ್ತು, ಲೀನಾ ಹೋಗಿ ಬರುತ್ತಲೇ ಇದ್ದಳು. ನನ್ನ ತಪಾಸಣೆ ಮಾತ್ರ ಸ್ವಲ್ಪ ನಿಧಾನವಾಯಿತು. ನಾಲ್ಕನೆಯ ಚಕ್ರ ಮುಗಿಸಿ ತಲೆಯೆತ್ತಿದಾಗ ಕಿಟಕಿಯಲ್ಲಿ ಯಾರೂ ಕಾಣದಿದ್ದರೆ, ಮೊದಲನೆಯದರಿಂದ ಮತ್ತೆ ಶುರು ಮಾಡುತ್ತಿದ್ದೆ.