ಮುಂದಿನ ಸರ್ವರ್ ನೋಡಿಕೊಳ್ಳುವ ಜಾಸಿರ್

ದರ್ಬೆಯ ಜಾಸಿರ್‌ನನ್ನು ನಿಮ್ಮ ಕೆಲಸ ಎಂತ ಎಂದು ಕೇಳಿದರೆ, ‘ಬಾಗಿಲು ಕಾಯುದು’ ಎನ್ನುತ್ತಾನೆ. ದುಬೈಯ ಎಸಿ ಕೋಣೆಯಲ್ಲಿ ಒಂಬತ್ತು ವರ್ಷ ಕೂತು ಕಲಿತದ್ದು ಇಷ್ಟೇ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುವುದು ಅವನ ಅಭ್ಯಾಸ. ಪುತ್ತೂರಿನ ಆಸ್ಪತ್ರೆಯೊಂದರ ಟೋಕನ್ ವೆಬ್‌ಸೈಟಿನ ಮುಂದಿನ ಸರ್ವರ್, ಅಂದರೆ ಜನರ ಕೋರಿಕೆ ಮೊದಲು ಬಂದು ಮುಟ್ಟುವ ಕಂಪ್ಯೂಟರ್, ಅವನ ಜವಾಬ್ದಾರಿ. ಹಿಂದಿನ ಸರ್ವರಿನಲ್ಲಿ ಟೋಕನ್ ಕೊಡುವ ಪ್ರೋಗ್ರಾಂ ಬರೆದವನು ಸುಳ್ಯದ ತೀರ್ಥರಾಮ. ಎರಡನ್ನೂ ಜೋಡಿಸಲು ಮುಂದಿನದರಲ್ಲಿ ಪ್ಲಗ್‌ಇನ್ ಎಂಬುದೊಂದಿದೆ. ಯಾವ ಕೋರಿಕೆಯನ್ನು ಹಿಂದಕ್ಕೆ ದಾಟಿಸಬೇಕು ಎಂಬ ಪಟ್ಟಿ ಅದರ ಕೈಯಲ್ಲಿ. ಪಟ್ಟಿಯಲ್ಲಿಲ್ಲದ್ದನ್ನು ಮುಂದಿನ ಸರ್ವರ್ ಒಳಗೆ ಕೇಳುವುದೇ ಇಲ್ಲ, ಅಂಥ ಪುಟವಿಲ್ಲ ಎಂದು ತಾನೇ ಹೇಳಿ ಕಳಿಸಿಬಿಡುತ್ತದೆ.

ಕಣ್ಣಿನ ವಿಭಾಗ ಶುರುವಾದ ಸೋಮವಾರ ಆದದ್ದು ಅದೇ. ಕಡಬದಿಂದ ಮೊದಲ ಬಸ್ಸಿಗೆ ಬಂದವರೂ ಸೇರಿ ಅರುವತ್ತು ಮಂದಿ ಟೋಕನ್ ಇಲ್ಲದೆ ಕೌಂಟರಿನ ಮುಂದೆ ನಿಂತರು. ಆಸ್ಪತ್ರೆಯ ಮ್ಯಾನೇಜರ್ ಫೋನಿನಲ್ಲಿ ರೇಗಿದಾಗ ಜಾಸಿರ್ ಹಿಂದುಮುಂದು ನೋಡದೆ, ತೊಂದರೆ ಪ್ರೋಗ್ರಾಮಿನದ್ದೇ ಎಂದುಬಿಟ್ಟ. ತಾನು ಶನಿವಾರವೇ ಎಲ್ಲ ಪರೀಕ್ಷಿಸಿದ್ದನಲ್ಲ! ಹಾಗಾದರೆ ನಾಳೆಯಿಂದ ತೀರ್ಥರಾಮ ಬೇಡ ಎಂದು ಮ್ಯಾನೇಜರ್ ತೀರ್ಮಾನಿಸಿದರು.

ಸಂಜೆ ಕೂತು ನೋಡಿದಾಗ ಜಾಸಿರ್‌ಗೆ ನಿಜ ಗೊತ್ತಾಯಿತು. ಕಣ್ಣಿನ ವಿಭಾಗ ಸೇರಿಸಿದ ಹೊಸ ಪಟ್ಟಿ ಹಿಂದಿನ ಸರ್ವರಿನಲ್ಲಿ ತಯಾರಾಗಿ ಅಲ್ಲೇ ಬಿದ್ದಿತ್ತು. ಮುಂದಿನದಕ್ಕೆ ಕಾಪಿ ಮಾಡಲು ಅವನೇ ಮರೆತಿದ್ದ. ಶನಿವಾರ ಪರೀಕ್ಷಿಸಿದ್ದೂ ನೇರ ಹಿಂದಿನ ಸರ್ವರಿಗೇ ಹೋಗಿ. ಅವನ ಮನೆಯಲ್ಲೂ ಹಾಗೆಯೇ: ಮನೆಯವರೆಲ್ಲ ಅಡುಗೆಮನೆಯ ಬಾಗಿಲಲ್ಲಿ ಓಡಾಡುವುದು, ಮುಂಬಾಗಿಲು ನೆಂಟರಿಗೆ. ಅದರ ಚಿಲಕ ಸಿಕ್ಕಿಕೊಂಡದ್ದು ನೆಂಟರು ಬಂದಾಗಲೇ ತಿಳಿಯುವುದು. ಬಾಗಿಲು ಕಾಯುವ ಮಹಾಶಯ ಬಾಗಿಲನ್ನೇ ನೋಡಿರಲಿಲ್ಲ.

ಪಟ್ಟಿಯನ್ನು ಕಾಪಿ ಮಾಡಿದ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು ಎಂದು ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಮರುದಿನ ಬೆಳಿಗ್ಗೆ ಮ್ಯಾನೇಜರರ ಕೋಣೆಗೆ ಹೋದರೆ, ತೀರ್ಥರಾಮ ಆಸ್ಪತ್ರೆಯ ಲ್ಯಾಪ್‌ಟಾಪ್ ಒಪ್ಪಿಸಲು ಬಂದು ಕೂತಿದ್ದ.

“ತಪ್ಪು ಇವರದ್ದಲ್ಲ ಸರ್, ನಂದು,” ಎಂದ ಜಾಸಿರ್ ನಿಂತಲ್ಲೇ. “ಜನ ಇವರ ಪ್ರೋಗ್ರಾಮಿನ ತನಕ ಬರ್ಲೇ ಇಲ್ಲ. ನಾನೇ ಹೊರಗೆ ನಿಲ್ಲಿಸಿದ್ದು.”

ಮ್ಯಾನೇಜರ್ ಇಬ್ಬರ ಮುಖವನ್ನೂ ನೋಡಿ, ಲ್ಯಾಪ್‌ಟಾಪನ್ನು ತೀರ್ಥರಾಮನ ಕಡೆಗೇ ತಳ್ಳಿದರು.

ಹೊರಗೆ ಬಂದ ಮೇಲೆ ತೀರ್ಥರಾಮ ಕಿಸೆಯಿಂದ ಮಡಚಿದ ಕಾಗದವೊಂದನ್ನು ತೆಗೆದು ಕೊಟ್ಟ. ಸೋಮವಾರ ಅವನ ಸರ್ವರಿಗೆ ಬಂದ ಕೋರಿಕೆಗಳ ದಾಖಲೆ ಅದು. ಕಣ್ಣಿನ ವಿಭಾಗದ್ದು ಒಂದೂ ಇರಲಿಲ್ಲ.

“ನಿನ್ನೆ ಮಧ್ಯಾಹ್ನವೇ ತೆಗೆದದ್ದು ಜಾಸಿರ್ ಭಾಯ್,” ಎಂದ. “ಅವರಿಗೆ ತೋರಿಸ್ಲಿಲ್ಲ. ನೀವೇ ಹೇಳ್ತೀರೋ ಅಂತ ಕಾದೆ.”