ಪಪ್ಪನಿಗಾಗಿ ಮಮ್ಮಿ ಮಾಡಿದ ಪ್ರಾರ್ಥನೆ

ನಾನು ಚಿಕ್ಕವಳಿದ್ದಾಗ ಮಮ್ಮಿ ಕೆಲವು ಸಂಜೆ ಕಲ್ಲುಪ್ಪಿನ ಮೇಲೆ ಮೊಣಕಾಲೂರಿ ಜಪಸರ ಹೇಳುತ್ತಿದ್ದಳು. ಪಪ್ಪ ಅಂಗಡಿಯಿಂದ ಬಂದಾಗ ಗೇಟು ತೆರೆಯಲು ತಡವಾದ ದಿನ, ಮೀನುಸಾರಿಗೆ ಹುಳಿ ಹೆಚ್ಚಾದ ದಿನ, ನೆರೆಮನೆಯವರ ಜೊತೆ ಬೇಲಿಯ ಹತ್ತಿರ ನಿಂತು ನಕ್ಕ ದಿನ. ಗೋಣಿಚೀಲ ಹಾಸಿ ಅದರ ಮೇಲೆ ಉಪ್ಪು ಹರಡುವ ಕೆಲಸ ಅಣ್ಣನದು ಅಥವಾ ನನ್ನದು. ಪಪ್ಪ ಕೂಗಾಡುವ ಜಾತಿಯವರಲ್ಲ. ತಣ್ಣಗೆ ಹೇಳುತ್ತಿದ್ದರು: “ಇಲ್ಲಿ ಅನುಭವಿಸಿದಷ್ಟು ಅಲ್ಲಿ ಕಡಿಮೆ ಆಗ್ತದೆ. ನಾನು ನಿನಗೆ ಉಪಕಾರ ಮಾಡುವುದು.”

ಅಲ್ಲಿ ಎಂದರೆ ಪುರ್ಗತೊರ್. ನಾವು ಕೊಂಕಣಿ ಮಾತಾಡುವ ಕೆಥೊಲಿಕರು. ಪೂರ್ತಿ ಒಳ್ಳೆಯವರು ಸತ್ತ ಕೂಡಲೇ ಸ್ವರ್ಗಕ್ಕೆ, ಪೂರ್ತಿ ಕೆಟ್ಟವರು ನರಕಕ್ಕೆ, ಉಳಿದವರೆಲ್ಲ ನಡುವಿನ ಆ ಬೆಂಕಿಯಲ್ಲಿ ತಮ್ಮ ಪಾಪ ಸುಟ್ಟುಹೋಗುವ ತನಕ ಇರಬೇಕೆಂದು ನಾವು ಕಲಿತದ್ದು. ಅಲ್ಲಿರುವವರು ತಮಗಾಗಿ ತಾವೇ ಪ್ರಾರ್ಥಿಸಿಕೊಳ್ಳಲಾರರು. ಬದುಕಿರುವವರು ಪ್ರಾರ್ಥಿಸಿದರೆ, ಅವರ ಹೆಸರಿನಲ್ಲಿ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಪೂಜೆ ಮಾಡಿಸಿದರೆ, ಬಿಡುಗಡೆ ಬೇಗ.

ಪಪ್ಪನಿಗೆ ಬಂದ್ಯೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ. ನಮ್ಮ ವಾರ್ಡಿಗೆ ಅವರೇ ಗುರ್ಕಾರ, ಎಂದರೆ ಇಗರ್ಜಿಯ ಪರವಾಗಿ ಮನೆಮನೆಯ ಕಷ್ಟಸುಖ ವಿಚಾರಿಸುವ ಹಿರಿಯ. ಗಂಡಹೆಂಡತಿಯರ ಜಗಳ ಬಿಡಿಸಲು ಜನ ಅವರನ್ನೇ ಕರೆಯುತ್ತಿದ್ದರು. ಅವರು ಹೋಗಿ ಬುದ್ಧಿ ಹೇಳಿ ಬರುತ್ತಿದ್ದರು. ಮಮ್ಮಿಯ ಎಡಗಿವಿ ಕೇಳಿಸದೆ ಹೋದದ್ದು ಹಾಗೆ ಒಂದು ಮನೆಯಲ್ಲಿ ರಾಜಿ ಮಾಡಿಸಿ ಬಂದ ದಿನವೇ. ಒಂದೇ ಪೆಟ್ಟು. ಅಣ್ಣನಿಗಾದರೆ ಅಂಗಡಿಯಿಂದ ತಂದ ಪಿವಿಸಿ ಪೈಪು. ನನ್ನನ್ನು ಅವರು ಮುಟ್ಟಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಲು ಹೇಳುತ್ತಿದ್ದರು.

ಹೃದಯಾಘಾತವಾಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಪಪ್ಪ ತೀರಿಕೊಂಡರು. ಹೂಳುವ ಮುಂಚಿನ ಶವಪೂಜೆಯ ಪ್ರವಚನದಲ್ಲಿ ಅಂದಿನ ಫಾದರ್ ಅವರನ್ನು ಸಂತನಂಥ ಮನುಷ್ಯ ಎಂದರು. ಹಿಂದಿನ ಬೆಂಚಿನಲ್ಲಿದ್ದ ಹೆಂಗಸರು ಅತ್ತರು. ಮಮ್ಮಿಯೂ ಅತ್ತಳು. ಆಮೇಲೆ ಎಂಟು ವರ್ಷ ಅವಳು ಒಂದು ದಿನವೂ ಬಿಡದೆ ಬೆಳಗ್ಗಿನ ಪೂಜೆಗೆ ಹೋದಳು. ನವೆಂಬರಿನಲ್ಲಿ ಸತ್ತವರ ಹಬ್ಬ ಬಂದರೆ ಎಲ್ಲರಿಗಿಂತ ಮೊದಲು ಸ್ಮಶಾನಕ್ಕೆ ಹೋಗಿ ಪಪ್ಪನ ಸಮಾಧಿ ತೊಳೆದು, ಮೊಂಬತ್ತಿ ಹಚ್ಚಿ, ಎಲ್ಲರೂ ಹೋದ ಮೇಲೂ ನಿಂತಿರುತ್ತಿದ್ದಳು. ಗಂಡನ ಮೇಲೆ ಪ್ರೀತಿಯೆಂದರೆ ಹೀಗಿರಬೇಕು ಎಂದು ಜನ ನನ್ನ ಬಳಿ ಹೇಳುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ಕ್ಷಮಿಸಿದ್ದಾಳಲ್ಲ ಎಂದು ನನಗೆ ಅವಳ ಮೇಲೆ ಗೌರವವೂ ಇತ್ತು, ಸ್ವಲ್ಪ ಅಸಹ್ಯವೂ ಇತ್ತು.

ಕಳೆದ ವರ್ಷ ಮಮ್ಮಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದಾಗ ಅದು ಆಗಲೇ ಲಿವರಿಗೆ ಹಬ್ಬಿತ್ತು. ಕುಂಜತ್ತೂರಿನ ನನ್ನ ಮನೆಗೆ ಕರೆದುಕೊಂಡು ಬಂದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ರಜೆ ಹಾಕಿದೆ. ವಾರಕ್ಕೊಮ್ಮೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಂದು ನೋವಿನ ಮಾತ್ರೆ ಕೊಟ್ಟು ಹೋಗುತ್ತಿದ್ದಳು.

ಅಣ್ಣ ಅಷ್ಟರಲ್ಲಿ ನಮ್ಮ ಇಗರ್ಜಿ ಬಿಟ್ಟು ಎರಡು ವರ್ಷವಾಗಿತ್ತು. ಉಪ್ಪಳದಲ್ಲಿ ಅಂಗಡಿಗಳ ಮೇಲಿನ ಒಂದು ಹಾಲ್‌ನಲ್ಲಿ ಸೇರುವ ಪ್ರಾರ್ಥನಾಕೂಟ ಅವನ ಹೊಸ ಸಭೆ. ಅಲ್ಲಿಗೆ ಹೋದ ಮೇಲೆ ಅವನು ಕುಡಿಯುವುದನ್ನು ಬಿಟ್ಟ, ಹೆಂಡತಿಯ ಮೇಲೆ ಕೈಯೆತ್ತುವುದನ್ನೂ ಬಿಟ್ಟ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವನು ಬೈಬಲ್ ಹಿಡಿದುಕೊಂಡು ಬಂದು ಮಮ್ಮಿಯ ಮಂಚದ ಬಳಿ, ಅವಳ ಬಲಗಿವಿಯ ಬದಿಗೆ ಕುರ್ಚಿ ಎಳೆದುಕೊಂಡು ಕೂತ. ಮುಖ ಬೆಳಗುತ್ತಿತ್ತು.

“ಮಮ್ಮಿ, ನಿನಗೆ ಒಂದು ಶುಭ ಸುದ್ದಿ ಹೇಳ್ಬೇಕು. ಇಷ್ಟು ವರ್ಷ ನೀನು ಪಪ್ಪನ ಆತ್ಮಕ್ಕೆ ಅಂತ ಕಷ್ಟಪಟ್ಟೆ. ಅದರ ಅಗತ್ಯ ಇಲ್ಲ. ಪುರ್ಗತೊರ್ ಅಂತ ಒಂದು ಜಾಗವೇ ಇಲ್ಲ.”

“ಇಲ್ಲದೆ ಎಂತ?” ಎಂದಳು ಮಮ್ಮಿ.

“ಬೈಬಲಿನಲ್ಲಿ ಎಲ್ಲುಂಟು ಆ ಶಬ್ದ? ಹುಡುಕು. ಒಂದು ಕಡೆ ಇಲ್ಲ.”

ನಾನು ಬಾಗಿಲಲ್ಲಿ ನಿಂತಿದ್ದವಳು ಬಾಯಿ ಹಾಕಿದೆ. ಸತ್ತ ಸೈನಿಕರಿಗಾಗಿ ಪ್ರಾರ್ಥನೆ ಮಾಡಿಸಿದ ಕಥೆ ನಮ್ಮ ಬೈಬಲಿನಲ್ಲಿ ಉಂಟು ಎಂದೆ. ಆ ಪುಸ್ತಕ ತಮ್ಮ ಬೈಬಲಿನಲ್ಲಿ ಇಲ್ಲ, ಅದನ್ನು ಸೇರಿಸಿದ್ದು ನೀವು ಎಂದ ಅವನು. ತೆಗೆದದ್ದು ನೀವು ಎಂದೆ ನಾನು. ಅವನು ನನ್ನನ್ನು ಬಿಟ್ಟು ಮತ್ತೆ ಮಮ್ಮಿಯ ಕಡೆ ತಿರುಗಿದ.

“ಕೊನೆಯ ದಿನ ಐಸಿಯುವಿನಲ್ಲಿ ನಾನೊಬ್ಬನೇ ಇದ್ದದ್ದು. ಪಪ್ಪ ನನ್ನ ಕೈ ಹಿಡ್ಕೊಂಡು ಅತ್ರು. ಯೇಸುವೇ, ನನ್ನ ಪಾಪ ಕ್ಷಮಿಸು ಅಂತ ಬಾಯಿಬಿಟ್ಟು ಹೇಳಿದ್ರು. ಅಷ್ಟು ಸಾಕು. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ಅದೇ ದಿನ ಸ್ವರ್ಗಕ್ಕೆ ಹೋಗ್ಲಿಲ್ವಾ? ಪಪ್ಪ ಆ ಕ್ಷಣವೇ ಸ್ವರ್ಗಕ್ಕೆ ಹೋದ್ರು. ನಿನ್ನನ್ನು ಕಾಯ್ತಾ ಇದ್ದಾರೆ.”

ಮಮ್ಮಿ ಕೇಳಿದಳು: “ಕ್ಷಮೆ ಯಾರ ಹತ್ರ ಕೇಳಿದ್ದು?”

“ದೇವರ ಹತ್ರ.”

“ನನ್ನ ಹತ್ರ ಕೇಳ್ಲಿಲ್ಲ.”

“ನೀನು ಅಲ್ಲಿ ಇರ್ಲಿಲ್ಲ ಅಲ್ವಾ?”

“ಹೊರಗೆ ಬೆಂಚಿನಲ್ಲಿ ಇದ್ದೆ.”

ಅಣ್ಣನ ಮುಖದ ಬೆಳಕು ಆರಿತು. ಅವನು ಬೈಬಲ್ ಮಡಚಿ, ಪಾಠ ಒಪ್ಪಿಸುವವನ ಹಾಗೆ ಹೇಳಿದ: “ಕ್ಷಮಿಸದವರಿಗೆ ಕ್ಷಮೆ ಇಲ್ಲ ಮಮ್ಮಿ. ಪುರ್ಗತೊರ್ ಇಲ್ಲ ಅಂದ ಮೇಲೆ ಇರುವುದು ಎರಡೇ ಜಾಗ. ಪಪ್ಪ ಮೇಲಿನಿಂದ ನೋಡ್ತಾರೆ, ನೀನು ಕೆಳಗೆ ಉರೀತೀಯ. ಅದು ಬೇಕಾ ನಿನಗೆ?”

ನಾನು ಅವನ ರಟ್ಟೆ ಹಿಡಿದು ಹೊರಗೆ ಕಳಿಸಿದೆ. ಚಪ್ಪಲಿ ಹಾಕಿಕೊಳ್ಳುವಾಗ ಅವನು ಅಳುತ್ತಿದ್ದ. ಅವಳನ್ನು ಉಳಿಸಲಿಕ್ಕೇ ತಾನು ಹೇಳಿದ್ದು ಎಂದ. ಸುಳ್ಳಲ್ಲ, ಅವನು ನಂಬಿದ್ದ.

ಆ ದಿನದಿಂದ ಮಮ್ಮಿ ಊಟ ಬಿಟ್ಟಳು. ನೋವಿನ ಮಾತ್ರೆ ಕೊಟ್ಟರೂ ನಿದ್ದೆಯಿಲ್ಲ. ಮೂರನೆಯ ದಿನ ಬೆಳಗ್ಗೆ ಅವಳ ಬೆನ್ನು ಒರೆಸುತ್ತಿರುವಾಗ ನಾನು ಸಮಾಧಾನಕ್ಕೆಂದು ಹೇಳಿದೆ, ಅಣ್ಣನ ಮಾತು ತಲೆಗೆ ಹಚ್ಚಿಕೊಳ್ಳಬೇಡ, ನೀನು ಪಪ್ಪನಿಗಾಗಿ ಮಾಡಿದ ಪ್ರಾರ್ಥನೆ ಒಂದೂ ಹಾಳಾಗುವುದಿಲ್ಲ ಎಂದು.

“ನಾನು ಎಂತ ಪ್ರಾರ್ಥನೆ ಮಾಡಿದ್ದು ಅಂತ ನಿನಗೆ ಗೊತ್ತುಂಟಾ?” ಎಂದಳು.

“ಪಪ್ಪನಿಗೆ ಬಿಡುಗಡೆ ಸಿಗಲಿ ಅಂತ.”

“ಬಿಡ್ಬೇಡ ಅಂತ.”

ಅವಳು ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು. “ಬೇರೆಯವರೆಲ್ಲ ನಿನ್ನ ಪಪ್ಪನ ಹೆಸರಿನಲ್ಲಿ ಪೂಜೆ ಮಾಡಿಸ್ತಾರಲ್ಲ, ಅದು ಕೆಲಸ ಮಾಡಿದ್ರೆ? ಅದಕ್ಕೇ ನಾನು ದಿನಾ ಹೋದದ್ದು. ದೇವರೇ, ಅವರನ್ನು ಬಿಡ್ಬೇಡ, ಪೂರ್ತಿ ಮುಗಿಯುವ ತನಕ ಬಿಡ್ಬೇಡ, ನಾನು ಸತ್ತು ಅಲ್ಲಿಂದ ದಾಟಿ ಹೋದ ಮೇಲೆ ಬೇಕಾದ್ರೆ ಬಿಡು ಅಂತ. ಮೊಂಬತ್ತಿ ಹಚ್ಚುವಾಗ ಬೆಂಕಿ ನೋಡ್ತಿದ್ದೆ. ಸಂತೋಷ ಆಗ್ತಿತ್ತು ಮಗಾ. ಜೀವನದಲ್ಲಿ ನನಗೆ ಸಂತೋಷ ಅಂತ ಆದದ್ದು ಅದೇ.”

ಅವಳ ಹೆದರಿಕೆ ನರಕದ್ದಲ್ಲ ಎಂದು ನನಗೆ ಆಗ ಅರ್ಥವಾಯಿತು. ಅಣ್ಣ ಹೇಳಿದ್ದು ನಿಜವಾದರೆ ಪಪ್ಪ ಎಂಟು ವರ್ಷ ಒಂದು ಕ್ಷಣವೂ ಸುಡಲಿಲ್ಲ. ಬಿಳಿ ಬಟ್ಟೆ ಹಾಕಿಕೊಂಡು ಮೇಲೆ ಕೂತಿದ್ದಾರೆ. ತಾನು ಹೋದರೆ ಗೇಟು ತೆರೆಯುವವರು ಅವರೇ.

ನಾನು ನಮ್ಮ ಈಗಿನ ಫಾದರ್ ಹತ್ತಿರ ಹೋದೆ. ತರುಣ, ಒಳ್ಳೆಯ ಮನುಷ್ಯ. ಹೆಸರು ಹೇಳದೆ, ಸ್ವರ್ಗದಲ್ಲಿ ಗಂಡಹೆಂಡತಿ ಮತ್ತೆ ಒಟ್ಟಿಗಿರಬೇಕಾ ಎಂದು ಕೇಳಿದೆ. ಅವರು ನಕ್ಕು, ಅದಕ್ಕೆ ಯೇಸುವೇ ಉತ್ತರ ಕೊಟ್ಟಿದ್ದಾರಲ್ಲ ಎಂದರು. ಏಳು ಮಂದಿ ಅಣ್ಣತಮ್ಮಂದಿರು ಒಬ್ಬರ ನಂತರ ಒಬ್ಬರು ಸತ್ತು, ಒಬ್ಬಳೇ ಹೆಂಗಸು ಏಳೂ ಮಂದಿಗೆ ಹೆಂಡತಿಯಾಗಿದ್ದಳು. ಪುನರುತ್ಥಾನದಲ್ಲಿ ಅವಳು ಯಾರ ಹೆಂಡತಿ ಎಂದು ಕೇಳಿದವರಿಗೆ, ಅಲ್ಲಿ ಮದುವೆಯೇ ಇಲ್ಲ ಎಂದು ಉತ್ತರ. ನಾನು ಖುಷಿಯಿಂದ ಮನೆಗೆ ಬಂದು ಮಮ್ಮಿಗೆ ಬೈಬಲ್ ತೆಗೆದು ಆ ಭಾಗ ಓದಿದೆ.

ಅವಳು ಕಿವಿಗೊಟ್ಟು ಕೇಳಿದಳು. “ಏಳೂ ಜನದಲ್ಲಿ ಯಾರು ಬೇಕು, ಯಾರೂ ಬೇಡವಾ ಅಂತ ಆ ಹೆಂಗಸಿನ ಹತ್ರ ಯಾರಾದ್ರೂ ಕೇಳಿದ್ರಾ?”

“ಅದು ಬರ್ದಿಲ್ಲ ಮಮ್ಮಿ.”

“ಮದುವೆ ಇಲ್ಲ ಅಂತ ಬರ್ದುಂಟು. ಕೈ ಇಲ್ಲ ಅಂತ ಬರ್ದುಂಟಾ?”

ನಾನು ಬೈಬಲ್ ಮುಚ್ಚಿದೆ.

ಆಮೇಲೆ ಅವಳೇ ದಾರಿ ಹುಡುಕಿಕೊಂಡಳು. ಅಣ್ಣನ ಮಾತನ್ನು ನಂಬುವುದಿಲ್ಲ, ಪುರ್ಗತೊರ್ ಇದ್ದೇ ಇದೆ ಎಂದು ನಿರ್ಧರಿಸಿದಳು. ಪಪ್ಪ ಅಲ್ಲಿಂದ ಹೊರಟು ಮೇಲೆ ಹೋಗಿದ್ದರೆ ತಾನು ಅಲ್ಲೇ ಉಳಿಯುವುದು. ನನ್ನ ಕೈ ಹಿಡಿದು ಹೇಳಿದಳು: “ನಾನು ಸತ್ತ ಮೇಲೆ ಶವಪೂಜೆ ಒಂದು ಸಾಕು, ಅದು ಬಿಡ್ಲಿಕ್ಕೆ ಆಗುವುದಿಲ್ಲ. ಆಮೇಲೆ ನನ್ನ ಹೆಸರಿನಲ್ಲಿ ಪೂಜೆ ಬೇಡ. ಮೊಂಬತ್ತಿ ಬೇಡ. ನನ್ನನ್ನು ಅಲ್ಲಿಂದ ಎಬ್ಬಿಸ್ಬೇಡ. ಸುಡ್ಲಿ, ಅಡ್ಡಿ ಇಲ್ಲ, ನನಗೆ ಅಭ್ಯಾಸ ಉಂಟು. ಮಾತು ಕೊಡು.”

ಕೊಟ್ಟೆ. ಅದಾಗಿ ಎಂಟನೆಯ ದಿನ ಮಮ್ಮಿ ತೀರಿಕೊಂಡಳು.

ಶವಪೂಜೆಗೆ ಅಣ್ಣ ಇಗರ್ಜಿಯೊಳಗೆ ಬರಲಿಲ್ಲ. ಸ್ಮಶಾನದಲ್ಲಿ ಒಂದು ಹಿಡಿ ಮಣ್ಣು ಹಾಕಿ ಹೋದ. ಪಪ್ಪನ ತಂಗಿ, ನನ್ನ ಅತ್ತೆ, ಮರುದಿನವೇ ಲೆಕ್ಕ ಹಾಕತೊಡಗಿದಳು: ಏಳನೆಯ ದಿನದ ಪೂಜೆ, ತಿಂಗಳ ಪೂಜೆ, ಅದರ ಜೊತೆಗೆ ಸಾಲಾಗಿ ಮೂವತ್ತು ದಿನ ಪೂಜೆ. ಇಗರ್ಜಿಯ ಅಂಗಳದಲ್ಲಿ, ಫಾದರ್ ಮುಂದೆ, ವಾರ್ಡಿನ ಹೆಂಗಸರೆಲ್ಲ ನಿಂತಿರುವಾಗ ಬೇಡ ಎಂದೆ.

“ಬೇಡ ಅಂದ್ರೆ ಎಂತ?” ಅತ್ತೆ ಸ್ವರ ಏರಿಸಿದಳು. “ನಾಯಿ ಸತ್ರೂ ಜನ ಮರುಗ್ತಾರೆ. ಹೆತ್ತವಳಿಗೆ ಒಂದು ಪೂಜೆ ಬೇಡ ಅಂತೀಯಲ್ಲ, ಅಷ್ಟು ಎಂತ ಪಾಪ ಮಾಡಿದ್ದಾಳೆ ಅವಳು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಾರಣ ಹೇಳಬೇಕಾದರೆ ಪಪ್ಪ ಎಂಥವರೆಂದು ಹೇಳಬೇಕು. ಬಾಯಿಗೆ ಬಂತು. ಹೊರಗೆ ಬರಲಿಲ್ಲ. ಸಂತನಂಥ ಮನುಷ್ಯನ ಮಗಳು ಎಂದೇ ಆ ಅಂಗಳದಲ್ಲಿ ನನಗೆ ಮರ್ಯಾದೆ, ಶಾಲೆಯಲ್ಲಿ ಕೆಲಸ ಸಿಕ್ಕಾಗಲೂ ಜನ ಹೇಳಿದ್ದು ಅದನ್ನೇ. “ಆಗಲಿ ಫಾದರ್, ಇಟ್ಟುಕೊಳ್ಳಿ” ಎಂದೆ. ಮೂವತ್ತು ದಿನವೂ ಮೊದಲ ಬೆಂಚಿನಲ್ಲಿ ಕೂತೆ. ಮಮ್ಮಿಯ ಹೆಸರು ಓದಿದಾಗಲೆಲ್ಲ ತಲೆ ಬಗ್ಗಿಸಿದೆ. ಅವಳು ನಂಬಿದ್ದು ನಿಜವಾದರೆ ನಾನೇ ಅವಳನ್ನು ಒಂದೊಂದೇ ಮೆಟ್ಟಿಲು ಮೇಲಕ್ಕೆ, ಅವರ ಕಡೆಗೆ, ತಳ್ಳಿದೆ.

ನವೆಂಬರಿನಲ್ಲಿ ಸ್ಮಶಾನದಲ್ಲಿ ಅತ್ತೆ ಸಿಕ್ಕಿದಳು. ಪಪ್ಪನ ಸಮಾಧಿಗೂ ಮಮ್ಮಿಯದಕ್ಕೂ ಸೇವಂತಿಗೆ ಹಾಕುತ್ತ, ಈಗ ಇಬ್ಬರೂ ಒಟ್ಟಿಗೆ ಇದ್ದಾರೆ ಎಂದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಉಪ್ಪು, ಕಿವಿ, ಪೈಪು, ಮಮ್ಮಿ ಕೇಳಿಕೊಂಡದ್ದು.

ಅತ್ತೆ ಕೊನೆಯ ಹೂವು ಇಟ್ಟು, ಸೊಂಟಕ್ಕೆ ಕೈಕೊಟ್ಟು ಎದ್ದಳು.

“ಗೊತ್ತಿತ್ತು ಮಾರಾಯ್ತಿ. ವಾರ್ಡಿಗೇ ಗೊತ್ತಿತ್ತು. ಅದಕ್ಕೆ ಈಗ ಎಂತ?” ಎಂದು, ಉಳಿದ ಹೂವಿನ ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ತನ್ನ ಗಂಡನ ಸಮಾಧಿಯ ಕಡೆಗೆ ಹೋದಳು.